ಮುಖಕ್ಕೆ ಹಚ್ಚುವ ಆ ಟ್ಯೂಬಿನ ಮೇಲೆ ಏನು ಬರೆದಿದೆ, ಓದಿದ್ದೀರಾ?



ಈಸ್ಟರ್ ಮುಗಿಯಿತು, ಇನ್ನು ಮದುವೆಗಳ ಸಾಲು. ರೋಸ್‌ಗೆ ತೆಂಗಿನ ಹಾಲು ಹಿಂಡುವುದಕ್ಕೆ ಎರಡು ತಿಂಗಳು ಮೊದಲೇ ನಮ್ಮ ಮನೆಗಳಲ್ಲಿ ಇನ್ನೊಂದು ತಯಾರಿ ನಡೆಯುತ್ತದೆ. ಯಾರೋ ಆಂಟಿ ಒಂದು ಟ್ಯೂಬಿನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಅದರ ಫೋಟೋ ವಾಟ್ಸಾಪ್ ಮಾಡುತ್ತಾರೆ, ಅಣ್ಣ ಬೈಕಿನಲ್ಲಿ ಹೋಗಿ ಮೆಡಿಕಲ್‌ನಿಂದ ತರುತ್ತಾನೆ. "ರಾತ್ರಿ ತೆಳ್ಳಗೆ ಹಚ್ಚಿ ಮಲಗು, ಫೋಟೋದಲ್ಲಿ ಗೊತ್ತಾಗುತ್ತದೆ ನೋಡು." ಮದುಮಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಮದುಮಗನೂ ಹಚ್ಚುತ್ತಾನೆ, ಧಾರಾಳವಾಗಿ ಹಚ್ಚುತ್ತಾನೆ, ಆದರೆ ಹೇಳುವುದಿಲ್ಲ.

ನಾನು ಇದಕ್ಕೆ ವಿರೋಧಿ. ಸುತ್ತಿಬಳಸಿ ಹೇಳುವುದಿಲ್ಲ. ಈ ಟ್ಯೂಬು ಸೌಂದರ್ಯ ಸಾಧನವಲ್ಲ, ಔಷಧ. ಔಷಧವನ್ನು ಪ್ರಸಾದದ ಹಾಗೆ ಮನೆಯಿಂದ ಮನೆಗೆ ಹಂಚುವುದು ಅಪಾಯ. ಇದನ್ನು ಡಾಕ್ಟರರು ಹೇಳಿ ಹೇಳಿ ಸಾಕಾಗಿದ್ದಾರೆ. ಸಂಶೋಧನೆ ಇದೆ, ಅಂಕಿಅಂಶ ಇದೆ, ಕಾನೂನು ಕೂಡ ಇದೆ. ನಮ್ಮ ಯುವಕ ಸಂಘದ ಗುಂಪಿನಲ್ಲಿಯೇ ಅದರ ಫೋಟೋ ಓಡಾಡುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಮೊದಲು ಅದರೊಳಗೆ ಏನಿದೆ ನೋಡೋಣ. ಇಂಥ ಟ್ಯೂಬುಗಳಲ್ಲಿ ಹೆಚ್ಚು ಓಡುವ ಒಂದು ಬಗೆಯಲ್ಲಿ ಮೂರು ವಸ್ತುಗಳಿರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಇದರ ಮೂಲ ಸೂತ್ರವನ್ನು ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಅವರ ಜೊತೆಗಾರ 1975ರಲ್ಲಿ ಪ್ರಕಟಿಸಿದರು. ಆಗ ಅದರಲ್ಲಿದ್ದ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್. ಅದನ್ನು ಕಂಡುಹಿಡಿದದ್ದು ಬಂಗಿನಂಥ ಕಪ್ಪು ಕಲೆಗಳಿಗೆ. ಕೆಲವು ವಾರಗಳ ಮಟ್ಟಿಗೆ, ಕಲೆ ಇದ್ದ ಜಾಗಕ್ಕೆ ಮಾತ್ರ, ವೈದ್ಯರ ಕಣ್ಣೆದುರು. ಬಂಗೇ ಇಲ್ಲದ ಇಪ್ಪತ್ತಮೂರು ವರ್ಷದ ಹುಡುಗಿ ಹಣೆಯಿಂದ ಕುತ್ತಿಗೆಯವರೆಗೆ ವರ್ಷಗಟ್ಟಲೆ ಮೆತ್ತಿಕೊಳ್ಳಲಿ ಎಂದು ಯಾವ ವಿಜ್ಞಾನಿಯೂ ಹೇಳಲಿಲ್ಲ. ಇನ್ನು ಕೆಲವು ಟ್ಯೂಬುಗಳಲ್ಲಿ ಇರುವುದು ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್. ಕೊನೆಯದು ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಪ್ರಬಲ ಗುಂಪಿಗೆ ಸೇರಿದ್ದು. ಮುಖಕ್ಕೆ ಅದು ಬೇಡವೇ ಬೇಡ.

"ಆದರೆ ಬೆಳ್ಳಗಾಗುತ್ತದಲ್ಲ!" ಆಗುತ್ತದೆ. ಅದು ಯಾಕೆ ಎಂದು ತಿಳಿದರೆ ಬೇಸರವಾಗುತ್ತದೆ. ಸ್ಟೀರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಕಡಿಮೆಯಾದ ಜಾಗ ಬಿಳಿಚಿಕೊಳ್ಳುತ್ತದೆ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬ ಇಬ್ಬರು ಸಂಶೋಧಕರು ಇದನ್ನೇ ಅಳತೆಗೋಲು ಮಾಡಿದರು. ತೋಳಿಗೆ ಔಷಧ ಹಚ್ಚುವುದು, ಎಷ್ಟು ಬಿಳಿಚಿತು ನೋಡುವುದು. ಹೆಚ್ಚು ಬಿಳಿಚಿದರೆ ಹೆಚ್ಚು ಪ್ರಬಲ. ನೀವು ಕನ್ನಡಿಯಲ್ಲಿ ನೋಡಿ ಸಂತೋಷಪಡುವ ಆ "ಗ್ಲೋ" ಇದೆಯಲ್ಲ, ಅದು ಪ್ರಯೋಗಾಲಯದಲ್ಲಿ ಔಷಧದ ಬಲ ಅಳೆಯುವ ಗುರುತು. ಬಣ್ಣ ಬದಲಾದದ್ದಲ್ಲ, ರಕ್ತ ಹಿಂದೆ ಸರಿದದ್ದು. ಅದರ ಜೊತೆಗೆ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲ್ಯಾಜೆನ್ ತಯಾರಾಗುವುದೂ ಕುಂಠಿತವಾಗುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ನರದಂಥ ಕೆಂಪು ಗೆರೆಗಳು ಮೇಲೆ ಕಾಣುತ್ತವೆ.

ಇನ್ನೊಂದು ಸಂಗತಿ ನನಗೆ ಓದಿದಾಗಿನಿಂದ ತಲೆಯಿಂದ ಹೋಗಿಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬವರು ಹೈಡ್ರೋಕಾರ್ಟಿಸೋನ್ ಅನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆದರು. ಮುಂಗೈಯ ಒಳಬದಿಯನ್ನು 1 ಎಂದು ಇಟ್ಟುಕೊಂಡರೆ ನೆತ್ತಿಯ ಚರ್ಮದಲ್ಲಿ 3.5 ಪಾಲು, ಹಣೆಯಲ್ಲಿ 6 ಪಾಲು, ದವಡೆಯ ಮೂಲೆಯಲ್ಲಿ 13 ಪಾಲು ಒಳಗೆ ಹೋಗುತ್ತದೆ. ಗಂಡಸರ ವೃಷಣದ ಚರ್ಮದಲ್ಲಿ 42 ಪಾಲು. (ಚರ್ಚ್ ಬ್ಲಾಗಿನಲ್ಲಿ ಇದನ್ನೆಲ್ಲ ಬರೆಯುವುದೇ ಎಂದು ಕೇಳುವವರಿಗೆ: ಆ ಜಾಗಕ್ಕೆ ಸಿಕ್ಕಿದ ಕ್ರೀಮು ಹಚ್ಚುವಾಗ ನಮ್ಮ ಹುಡುಗರು ಯಾರನ್ನೂ ಕೇಳುವುದಿಲ್ಲ, ಆದ್ದರಿಂದ ಬರೆಯಲೇಬೇಕು.) ಅಂದರೆ "ಕೈಗೆ ಹಚ್ಚಿ ನೋಡಿದೆ, ಏನೂ ಆಗಲಿಲ್ಲ" ಎಂಬ ಮಾತಿಗೆ ಅರ್ಥವೇ ಇಲ್ಲ. ಕೈ ಬೇರೆ, ಮುಖ ಬೇರೆ.

ನಮ್ಮ ದೇಶದ್ದೇ ಲೆಕ್ಕ ಬೇಕೇ? 2011ರಲ್ಲಿ ಭಾರತದ ಚರ್ಮತಜ್ಞರ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆ ಎಂದು ಬಂದ 2,926 ಮಂದಿಯನ್ನು ಪರಿಶೀಲಿಸಿದರು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಈ 433ರಲ್ಲಿ 257 ಮಂದಿಗೆ ಅದನ್ನು ಹೇಳಿಕೊಟ್ಟದ್ದು ವೈದ್ಯರಲ್ಲ, ಬೇರೆಯವರು. 126 ಮಂದಿ ಅದನ್ನು ಬೆಳ್ಳಗಾಗಲು, ಇಲ್ಲವೇ ದಿನನಿತ್ಯದ ಕ್ರೀಮಿನಂತೆ, ಶೇವ್ ಮಾಡಿದ ಮೇಲೆ ಹಚ್ಚುವ ಲೋಶನಿನಂತೆ ಬಳಸುತ್ತಿದ್ದರು. 392 ಮಂದಿಗೆ ಅಡ್ಡಪರಿಣಾಮ ಆಗಿತ್ತು. ನೂರಕ್ಕೆ ತೊಂಬತ್ತು! ಈ ಅಧ್ಯಯನದಲ್ಲಿ ವೈದ್ಯರಿಗೂ ಪೆಟ್ಟು ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ. ಚರ್ಮತಜ್ಞರೇ ಬರೆದುಕೊಟ್ಟ ಚೀಟಿಯನ್ನು ಕೂಡ ಅರ್ಧಕ್ಕಿಂತ ಹೆಚ್ಚು ಜನ ಮತ್ತೆ ಮತ್ತೆ ಅಂಗಡಿಗೆ ಕೊಟ್ಟು ತಮ್ಮಷ್ಟಕ್ಕೆ ಮುಂದುವರಿಸಿದ್ದರು.

ನಿಲ್ಲಿಸಿದರೆ ಆಯಿತಲ್ಲ ಎನ್ನುತ್ತೀರಿ. ಅಲ್ಲಿಯೇ ಇದರ ಹಿಡಿತ ಇರುವುದು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬಿಗಿದಿದ್ದ ರಕ್ತನಾಳಗಳು ಸಡಿಲವಾಗುತ್ತವೆ. ಮುಖ ಕೆಂಪಾಗುತ್ತದೆ, ಉರಿಯುತ್ತದೆ, ಮೊಡವೆ ಗುಂಪುಗುಂಪಾಗಿ ಏಳುತ್ತದೆ. ಹೆದರಿದ ಹುಡುಗಿ ಮತ್ತೆ ಅದೇ ಟ್ಯೂಬು ಹಚ್ಚುತ್ತಾಳೆ, ಉರಿ ಶಮನವಾಗುತ್ತದೆ, "ಇದು ನನ್ನ ಮುಖಕ್ಕೆ ಹೊಂದುತ್ತದೆ" ಎಂದು ನಂಬುತ್ತಾಳೆ. ಕೋಲ್ಕತ್ತದ ಚರ್ಮತಜ್ಞರಾದ ಕೌಶಿಕ್ ಲಾಹಿರಿ ಮತ್ತು ಅರಿಜಿತ್ ಕೂಂಡು 2016ರಲ್ಲಿ ಇದನ್ನು ಸ್ಟೀರಾಯ್ಡಿಗೆ ದಾಸನಾದ ಮುಖ ಎಂಬ ಅರ್ಥದಲ್ಲಿ ವಿವರಿಸಿ ಬರೆದರು. ಕುಡಿತದ ಚಟಕ್ಕೂ ಇದಕ್ಕೂ ಇರುವ ಹೋಲಿಕೆ ನೋಡಿ. ಕುಡಿತದ ಬಗ್ಗೆ ನಮ್ಮಲ್ಲಿ ವರ್ಷಕ್ಕೊಂದು ಪ್ರವಚನವಾದರೂ ಇದೆ, ಇದರ ಬಗ್ಗೆ ಒಂದೂ ಇಲ್ಲ.

ನಮ್ಮ ಕ್ವಾಯರಿನಲ್ಲಿ ಹಾಡುತ್ತಿದ್ದ ಒಬ್ಬ ಅಕ್ಕ ಈಗ ಬಿಸಿಲಿಗೆ ಬರುವುದಿಲ್ಲ. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ಮೂರು ವರ್ಷ ಹಚ್ಚಿದ್ದರು. ಕೆನ್ನೆಯ ಮೇಲೆ ಕೆಂಪು ಜಾಲ, ಗಲ್ಲದ ಮೇಲೆ ಕೂದಲು. ಹೌದು, ಕೂದಲು. ಹುಡುಗಿಯರ ಮುಖದಲ್ಲಿ ರೋಮ ಬೆಳೆಸುವುದೂ ಈ ಸ್ಟೀರಾಯ್ಡಿನ ಅಡ್ಡಪರಿಣಾಮಗಳಲ್ಲಿ ಒಂದು. ಅದನ್ನು ತೆಗೆಸಲು ಪಾರ್ಲರಿಗೆ ಬೇರೆ ಖರ್ಚು. ಮಾರಿದ ಅಂಗಡಿಯವರು ಒಂದು ದಿನವೂ ಚೀಟಿ ಕೇಳಿದ್ದಿಲ್ಲವಂತೆ.

ಹುಡುಗರು ನಗಬೇಡಿ, ನಿಮ್ಮ ಸರದಿ ಬಂತು. ಹಾಸ್ಟೆಲಿನಲ್ಲಿ, ವಾಲಿಬಾಲ್ ಕೋರ್ಟಿನಲ್ಲಿ, ಒದ್ದೆ ಜೀನ್ಸಿನಲ್ಲಿ ಮಳೆಗಾಲ ಕಳೆಯುವ ನಮ್ಮ ಕರಾವಳಿಯಲ್ಲಿ ತೊಡೆಸಂದಿನ ಹುಳುಕಡ್ಡಿ (ಗಜಕರ್ಣ) ಯಾರಿಗೆ ಬಂದಿಲ್ಲ? ನೀವು ಏನು ಮಾಡುತ್ತೀರಿ? ಮೆಡಿಕಲ್‌ಗೆ ಹೋಗಿ ಪಿಸುದನಿಯಲ್ಲಿ "ತುರಿಕೆಗೆ ಕ್ರೀಮು" ಎನ್ನುತ್ತೀರಿ. ಕೈಗೆ ಬರುವುದು ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಎಲ್ಲ ಒಟ್ಟಿಗೆ ಕಲಸಿದ ಒಂದು ಟ್ಯೂಬು. ಎರಡು ದಿನದಲ್ಲಿ ತುರಿಕೆ ಮಾಯ. ಯಾಕೆಂದರೆ ಸ್ಟೀರಾಯ್ಡ್ ನಿಮ್ಮ ಚರ್ಮದ ರಕ್ಷಣಾ ವ್ಯವಸ್ಥೆಯನ್ನು ಮಲಗಿಸಿತು. ಶಿಲೀಂಧ್ರ ಮಲಗಲಿಲ್ಲ, ಕಾವಲುಗಾರ ಮಲಗಿದ ಮನೆಯಲ್ಲಿ ಅದು ಹಾಯಾಗಿ ಹಬ್ಬಿತು. ಇಂಥ ವೇಷ ಮರೆಸಿದ ಹುಳುಕಡ್ಡಿಯ ಬಗ್ಗೆ ಬ್ರಿಟನ್ನಿನ ವೈದ್ಯರು 1968ರಲ್ಲೇ ಬರೆದು ಎಚ್ಚರಿಸಿದ್ದರು. ಅರ್ಧ ಶತಮಾನ ದಾಟಿತು.

ಈಗ ಪರಿಣಾಮ ಏನಾಗಿದೆ? ನಮ್ಮ ದೇಶದಲ್ಲಿ ಹಬ್ಬಿರುವ ಒಂದು ಹುಳುಕಡ್ಡಿ ಶಿಲೀಂಧ್ರಕ್ಕೆ 2020ರಲ್ಲಿ ಹೊಸ ಹೆಸರಿಟ್ಟರು: ಟ್ರೈಕೋಫೈಟಾನ್ ಇಂಡೋಟಿನಿಯೇ. ಹೆಸರಿನಲ್ಲೇ "ಇಂಡೋ" ಇದೆ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಇದರ ಹಲವು ತಳಿಗಳು ಬಗ್ಗುವುದಿಲ್ಲ. ಔಷಧ ಹೋಗಿ ತಟ್ಟಬೇಕಾದ ಕಿಣ್ವವನ್ನೇ ಅವು ಬದಲಾಯಿಸಿಕೊಂಡಿವೆ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಇದರ ಇಬ್ಬರು ರೋಗಿಗಳ ವರದಿ ಬಂದಾಗ ಅಲ್ಲಿ ಅದು ಸುದ್ದಿ. ನಮ್ಮಲ್ಲಿ ಅದು ಪಕ್ಕದ ಮನೆಯವರ ತುರಿಕೆ. ತಪ್ಪು ಮಿಶ್ರಣದ ಕ್ರೀಮುಗಳು ಮತ್ತು ಅರ್ಧಕ್ಕೆ ಬಿಟ್ಟ ಮಾತ್ರೆಗಳು ಇದಕ್ಕೆ ದಾರಿ ಮಾಡಿಕೊಟ್ಟವು ಎಂದು ತಜ್ಞರು ದೂರುತ್ತಲೇ ಇದ್ದಾರೆ.

ಕೂದಲು ಉದುರುವ ಚಿಂತೆಯವರಿಗೂ ಒಂದು ಮಾತು. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವರಿಗೆ ಉಪಯೋಗವಾಗುತ್ತದೆ, ತಿಂಗಳುಗಳು ಬೇಕು, ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಫಿನಾಸ್ಟರೈಡ್ ಹಾರ್ಮೋನಿನ ದಾರಿಗೆ ಅಡ್ಡ ಬರುವ ಮಾತ್ರೆ, ರೀಲ್ಸ್ ನೋಡಿ ಆರ್ಡರ್ ಮಾಡುವಂಥದ್ದಲ್ಲ. ಬೋಳು ತಲೆಯ ಬಗ್ಗೆ ಇಷ್ಟು ಸಾಕು. ಯಾಜಕಕಾಂಡದ 13ನೇ ಅಧ್ಯಾಯದಲ್ಲಿ ಕೂದಲು ಉದುರಿದವನು ಬೋಳನೇ ಹೊರತು ಅಶುದ್ಧನಲ್ಲ ಎಂದು ಮೋಶೆಯ ಕಾಲದಲ್ಲೇ ತೀರ್ಪಾಗಿದೆ.

ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಬರುವ ಡಬ್ಬಿಗಳ ಕತೆ ಬೇರೆ. ಅವುಗಳಲ್ಲಿ ಕೆಲವಕ್ಕೆ ತಯಾರಕರ ವಿಳಾಸ ಕೂಡ ಇರುವುದಿಲ್ಲ. ಅಂಥ ಕ್ರೀಮುಗಳಲ್ಲಿ ಸಿಕ್ಕಿರುವ ವಿಷ ಪಾದರಸ. ಮೈಯ ಬಣ್ಣವಾದ ಮೆಲನಿನ್ ತಯಾರಾಗುವುದನ್ನು ಅದು ತಡೆಯುತ್ತದೆ, ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡದಲ್ಲಿ ಕೂರುತ್ತದೆ. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ಆ ಕಾಯಿಲೆಯಲ್ಲಿ ಅಪರೂಪದ ಒಂದು ವಿಧ. ಕೇಳಿ ನೋಡಿದಾಗ ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಮೂತ್ರದಲ್ಲಿ ಪ್ರೋಟೀನ್ ಸೋರಿಕೆ, ಕಾಲು ಮುಖ ಬಾವು. ಒಬ್ಬರಿಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದೊಂದು ಸಮಾಧಾನ. ಮಲಪ್ಪುರಂ ಇಲ್ಲಿಂದ ರೈಲಿನಲ್ಲಿ ಒಂದು ಹಗಲಿನ ದಾರಿಯೂ ಅಲ್ಲ. ಪತ್ರಿಕೆಗಳಲ್ಲಿ ಇದು ಬಂದಿತ್ತು, ಮಲಯಾಳಂ ಚಾನೆಲುಗಳಲ್ಲಿ ಬಂದಿತ್ತು. ನಾವು ಮಂಗಳೂರು ಚಾನೆಲ್ ನೋಡುವವರು, ಹಾಗಾಗಿ ನಮಗೆ ಮುಟ್ಟಲಿಲ್ಲವೋ ಏನೋ. ಗಡಿಯಲ್ಲಿರುವವರ ಪಾಡೇ ಅದು: ಮನೆಯಲ್ಲಿ ಕೊಂಕಣಿ, ಓದುವುದು ಕನ್ನಡ, ಸರಕಾರ ಮಲಯಾಳಂ, ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಇಂಗ್ಲಿಷ್.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಪಾಲಿಸುವವರು ಕಡಿಮೆ. 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ 14 ಬಗೆಯ ಹಚ್ಚುವ ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಮಿಶ್ರಣ ಔಷಧಗಳನ್ನು ನಿಷೇಧಿಸಿತು. ನಾನು ಮೇಲೆ ಹೇಳಿದಂಥ ಕಲಸುಮೇಲೋಗರದ ಕ್ರೀಮುಗಳು ಅದರಲ್ಲಿ ಇದ್ದವು. ಆಮೇಲೆ ಏನಾಯಿತು? ಯಾವುದಾದರೂ ಪೇಟೆಯ ಮೆಡಿಕಲ್ ಮುಂದೆ ಸಂಜೆ ಹತ್ತು ನಿಮಿಷ ನಿಂತು ನೋಡಿ. "ನಮ್ಮವರೇ, ಕೇಳಿದಾಗ ಇಲ್ಲ ಎನ್ನಲು ಆಗುವುದಿಲ್ಲ" ಎನ್ನುತ್ತಾರೆ ಅಂಗಡಿಯವರು. ನಮ್ಮವರೇ ಆದ್ದರಿಂದಲೇ ಇಲ್ಲ ಎನ್ನಬೇಕು ಸ್ವಾಮಿ!

"ಚರ್ಮದ ಡಾಕ್ಟರರ ಹತ್ತಿರ ಹೋಗಲು ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕು, ಒಂದು ದಿನದ ಸಂಬಳ ಹೋಗುತ್ತದೆ" ಎಂಬ ಮಾತಿಗೆ ನಾನು ತಲೆಬಾಗುತ್ತೇನೆ. ಅದು ನಿಜ. 2020ರಲ್ಲಿ ಆ ಗಡಿ ಮುಚ್ಚಿದಾಗ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಆದರೆ ಡಾಕ್ಟರರು ದೂರ ಎಂಬ ಕಾರಣ ಕಾಯಿಲೆಗೆ ಹೇಳುವಂಥದ್ದು. ಕಪ್ಪಾಗಿರುವುದು ಕಾಯಿಲೆಯಲ್ಲ. ಇಲ್ಲದ ಕಾಯಿಲೆಗೆ ಯಾವ ಡಾಕ್ಟರರೂ ಬೇಕಾಗಿಲ್ಲ, ಯಾವ ಟ್ಯೂಬೂ ಬೇಕಾಗಿಲ್ಲ. ಇರುವ ಕಾಯಿಲೆಗೆ ಸರಕಾರಿ ಆಸ್ಪತ್ರೆಯ ಒ.ಪಿ. ಚೀಟಿ ಇದೆ, ಇ-ಸಂಜೀವನಿ ಎಂಬ ಸರಕಾರದ ಉಚಿತ ಆನ್‌ಲೈನ್ ಸೇವೆ ಇದೆ.

ಈಗ ಬಣ್ಣದ ವಿಷಯಕ್ಕೇ ಬರುತ್ತೇನೆ, ಏಕೆಂದರೆ ರೋಗದ ಬೇರು ಅಲ್ಲಿ ಇದೆ. ನಮ್ಮ ಧರ್ಮಕೇಂದ್ರಗಳಲ್ಲಿ ಓಡಾಡುವ ಮದುವೆಯ ಬಯೋಡೇಟಾ ನೋಡಿ. ವಿದ್ಯೆ, ಕೆಲಸ, ಎತ್ತರ, ಆಮೇಲೆ "ಬಣ್ಣ". ಅಲ್ಲಿ ಯಾರೂ ಕಪ್ಪು ಎಂದು ಬರೆಯುವುದಿಲ್ಲ; "ಗೋಧಿ ಬಣ್ಣ" ಎಂದು ಬರೆಯುತ್ತಾರೆ. ನಾವು ಅನ್ನ ತಿನ್ನುವವರು, ಗೋಧಿ ಎಲ್ಲಿಂದ ಬಂತು? 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ "ಫೇರ್" ಎಂಬ ಪದವನ್ನೇ ತೆಗೆದುಹಾಕಿತು. ಕಂಪನಿಗೆ ಬಂದ ನಾಚಿಕೆ ಕ್ರೈಸ್ತ ಕುಟುಂಬಗಳ ಬಯೋಡೇಟಾಕ್ಕೆ ಇನ್ನೂ ಬಂದಿಲ್ಲ.

ಸಂಖ್ಯಾಕಾಂಡದ 12ನೇ ಅಧ್ಯಾಯ ತೆರೆದು ಓದಿ. ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾದ ಎಂದು ಅಕ್ಕ ಮಿರ್ಯಾಮಳು ಆಡಿಕೊಳ್ಳುತ್ತಾಳೆ. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣದ ನಾಡು, ಕಪ್ಪು ಜನರ ನಾಡು. ಬಣ್ಣದ ಕಾರಣಕ್ಕೇ ಆಡಿಕೊಂಡಳು ಎಂದು ಬೈಬಲ್ ಹೇಳುವುದಿಲ್ಲ, ನಾನೂ ಸೇರಿಸುವುದಿಲ್ಲ. ಆದರೆ ಅತ್ತಿಗೆ ನಾದಿನಿಯರ ಮಧ್ಯೆ ಬೆಳೆದ ನಮಗೆ ಊಹಿಸುವುದು ಕಷ್ಟವೇ? ಆಮೇಲೆ ಮಿರ್ಯಾಮಳಿಗೆ ಬಂದದ್ದೇನು? ಅವಳ ಚರ್ಮ ಹಿಮದಂತೆ ಬೆಳ್ಳಗಾಯಿತು. ಅದು ವರವಲ್ಲ, ಶಿಕ್ಷೆ. ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತು. ಇನ್ನು ಪರಮಗೀತೆಯ ಮೊದಲ ಅಧ್ಯಾಯದ ಆ ಹುಡುಗಿ ತಾನು ಕಪ್ಪು ಎಂದೂ ಸುಂದರಿ ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಈ ಎರಡರ ಮಧ್ಯೆ ಇರುವ ಹೀಬ್ರೂ ಅಕ್ಷರಕ್ಕೆ "ಮತ್ತು" ಎಂಬ ಅರ್ಥವೂ ಇದೆ, "ಆದರೂ" ಎಂಬ ಅರ್ಥವೂ ಇದೆ. ಹಳೆಯ ಗ್ರೀಕ್ ಅನುವಾದ "ಮತ್ತು" ಎಂದಿತು, ಲ್ಯಾಟಿನ್ ಅನುವಾದ "ಆದರೂ" ಎಂದಿತು. ನಮ್ಮ ಆಂಟಿಯರು ಶತಮಾನಗಳಿಂದ ಲ್ಯಾಟಿನ್ ಪಕ್ಷ: "ಕಪ್ಪು, ಆದರೂ ಲಕ್ಷಣವಾಗಿದ್ದಾಳೆ." ಆ ಒಂದು "ಆದರೂ" ಎಷ್ಟು ಟ್ಯೂಬು ಮಾರಿದೆಯೋ!

ಇದನ್ನೆಲ್ಲ ಓದಿ ಸ್ಟೀರಾಯ್ಡ್ ಎಂದರೆ ಸೈತಾನ ಎಂದು ತೀರ್ಮಾನಿಸುವವರ ಬಗ್ಗೆಯೂ ನನಗೆ ಭಯವಿದೆ. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಹೈಡ್ರೋಕಾರ್ಟಿಸೋನ್ ಹಚ್ಚಿ ಎಕ್ಸಿಮಾ ಶಮನವಾಗುವುದನ್ನು ತೋರಿಸಿದಾಗ ಅದು ರೋಗಿಗಳಿಗೆ ದೊಡ್ಡ ವರವೇ ಆಗಿತ್ತು. ಮೈಯೆಲ್ಲ ಕೆರೆದು ರಕ್ತ ಬರಿಸಿಕೊಳ್ಳುವ ಮಗುವಿಗೆ, ಸೋರಿಯಾಸಿಸ್‌ನಿಂದ ನರಳುವ ಅಪ್ಪನಿಗೆ ಡಾಕ್ಟರರು ಸ್ಟೀರಾಯ್ಡ್ ಬರೆದುಕೊಟ್ಟರೆ ಹಚ್ಚಿ. ಎಷ್ಟು, ಎಲ್ಲಿ, ಎಷ್ಟು ದಿನ ಎಂದು ಕೇಳಿ ಹಚ್ಚಿ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಪ್ರಾರ್ಥನಾ ಕೂಟದಲ್ಲಿ ಯಾರಾದರೂ "ವಿಶ್ವಾಸವಿದ್ದರೆ ಔಷಧ ಎಸೆಯಿರಿ" ಎಂದರೆ ಅವರ ಮಾತು ಕೇಳಬೇಡಿ. ಲೂಕರು ವೈದ್ಯರಾಗಿದ್ದರು ಎಂದು ಸಂತ ಪೌಲರೇ ಬರೆದಿದ್ದಾರೆ.

ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಯುವಕ ಸಂಘದ ಹಾಲ್‌ನಲ್ಲಿ ಸೇರುತ್ತೇವೆ. ಮನೆಯಲ್ಲಿರುವ ಎಲ್ಲ ಟ್ಯೂಬು, ಡಬ್ಬಿ ತನ್ನಿ. ಹೆಸರು ಹೇಳಬೇಕಾಗಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಜಿನ ಮೇಲೆ ಇಟ್ಟರೆ ಸಾಕು. ಧರ್ಮಕೇಂದ್ರದ ಇಬ್ಬರು ನರ್ಸ್ ಅಕ್ಕಂದಿರು ಬರುತ್ತಾರೆ. ಸಣ್ಣ ಅಕ್ಷರದಲ್ಲಿ "ಸೋನ್", "ಸೋಲ್" ಅಥವಾ "ಲೋನ್" ಎಂದು ಮುಗಿಯುವ ಹೆಸರು ಇದೆಯೇ, ಆರ್‌ಎಕ್ಸ್ ಗುರುತು ಇದೆಯೇ, ತಯಾರಕರ ವಿಳಾಸ ಇದೆಯೇ ಎಂದು ಒಟ್ಟಿಗೆ ಓದೋಣ. ಕೊನೆಗೆ "ಸೋಲ್" ಬಂದದ್ದೆಲ್ಲ ಸ್ಟೀರಾಯ್ಡ್ ಅಲ್ಲ, ಅದನ್ನು ಅವರು ಬಿಡಿಸಿ ಹೇಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದವರು ಇವತ್ತೇ ಥಟ್ಟನೆ ನಿಲ್ಲಿಸಿ ಉರಿ ಬರಿಸಿಕೊಳ್ಳಬೇಡಿ, ಡಾಕ್ಟರರನ್ನು ಕಂಡು ಹಂತಹಂತವಾಗಿ ಬಿಡುವ ದಾರಿ ಕೇಳಿ. ಜೊತೆಗೆ ಬರಲು ಯಾರಾದರೂ ಬೇಕಿದ್ದರೆ ನಾವು ಬರುತ್ತೇವೆ, ಬಸ್ಸಿನ ಖರ್ಚು ಸಂಘದ್ದು. ಮತ್ತು ಬಯೋಡೇಟಾದಿಂದ "ಬಣ್ಣ" ಎಂಬ ಸಾಲನ್ನು ತೆಗೆಯಬೇಕೆಂದು ಪಾಲನಾ ಪರಿಷತ್ತಿಗೆ ಕೊಡುವ ಮನವಿ ಬರೆದಿಟ್ಟಿದ್ದೇನೆ. ಅದು ಅದೇ ಮೇಜಿನ ಮೇಲೆ ಇರುತ್ತದೆ, ಪೆನ್ನು ಕೂಡ.